ಅಕ್ಕನ ದವಡೆಹಲ್ಲು

ಕ್ಲಿನಿಕ್ಕಿನ ಹಿಂದಿನ ಕೋಣೆ,
ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ‘ಚೆನ್ನಾಗಿದ್ದೀನಿ ಕಣೋ’ ಎಂಬ ನಿನ್ನ ಮಾಮೂಲಿ ಉತ್ತರವನ್ನು ಈ ಸಲ ಒಪ್ಪುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಭಾವನ ಮಂಡಿನೋವು ಹೇಗಿದೆ? ಹೊಸ ಮನೆಯ ಮೂರು ಮಹಡಿ ಹತ್ತಿ ಇಳಿಯುವುದು ಅವರಿಗೆ ಸುಲಭವಲ್ಲ. ಇಲ್ಲಿ ನಾವೆಲ್ಲ ಆರಾಮ. ನನ್ನವಳಿಗೆ ತಿಂಗಳಿಂದ ಅಂಟಿಕೊಂಡಿದ್ದ ಕೆಮ್ಮು ಅಂತೂ ಬಿಟ್ಟಿದೆ. ಮಗಳ ಕೆಳಗಿನ ಮುಂಹಲ್ಲು ಅಲ್ಲಾಡುತ್ತಿದೆ. ಅಪ್ಪ ಹಲ್ಲಿನ ಡಾಕ್ಟರಾಗಿದ್ದರೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ. ‘ಅತ್ತೆ ಬಂದ್ಮೇಲೆ ಕೀಳಿಸ್ಕೋತೀನಿ’ ಎಂದು ಹಟ. ಅಲ್ಲಿಯವರೆಗೆ ಹಲ್ಲು ಕಾಯಬೇಕಲ್ಲವೇ ಎಂದರೆ, ಕಾಯುತ್ತದೆ ಎಂದು ಅದರ ಪರವಾಗಿ ತಾನೇ ಮಾತು ಕೊಡುತ್ತಾಳೆ.

ಫೋನ್ ಇರುವಾಗ ಇವನಿಗೇನು ಬಂತು ಕಾಗದ ಬರೆಯುವ ಹುಚ್ಚು ಎಂದುಕೊಳ್ಳಬೇಡ. ಭಾನುವಾರದಿಂದ ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ. ನಾನು ಒಂದು ವಾಕ್ಯ ಮುಗಿಸುವುದರೊಳಗೆ ನೀನು ‘ಇರ್ಲಿ ಬಿಡೋ’ ಎನ್ನುತ್ತೀಯ. ನೀನು ಹಾಗೆಂದರೆ ನಾನೂ ಬಿಟ್ಟುಬಿಡುತ್ತೇನೆ. ಹುಟ್ಟಿದಾಗಿನಿಂದ ಅದೇ ಅಭ್ಯಾಸ. ಕಾಗದಕ್ಕಾದರೆ ನಡುವೆ ಬಾಯಿ ಹಾಕುವುದಕ್ಕೆ ಬರುವುದಿಲ್ಲ. ದಯವಿಟ್ಟು ಕೊನೆಯವರೆಗೂ ಓದು.

ಭಾವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವರೇ ನನಗೆ ಎಲ್ಲ ಹೇಳಿದ್ದು. ವರ್ಷಕ್ಕೆ ಎರಡು ಸಲ, ಅದೂ ನೀನು ಒತ್ತಾಯ ಮಾಡಿ ಫೋನನ್ನು ಕೈಗೆ ಕೊಟ್ಟರೆ ಮಾತಾಡುವ ಮನುಷ್ಯ, ಭಾನುವಾರ ಬೆಳಿಗ್ಗೆ ತಾವೇ ಮಾಡಿದರು. ಎತ್ತಿದ ಕೂಡಲೇ ‘ಅಕ್ಕನಿಗೇನಾಯ್ತು?’ ಎಂದೆ. ‘ಏನಿಲ್ಲಪ್ಪ, ನಿಮ್ಮಕ್ಕ ತರಕಾರಿ ತರೋಕೆ ಹೋಗಿದ್ದಾಳೆ, ಅವಳು ಬರೋದ್ರೊಳಗೆ ಹೇಳಿ ಮುಗಿಸ್ಬೇಕು’ ಎಂದು ಶುರುಮಾಡಿದರು. ಆಮೇಲೆ ನಿನ್ನ ಶಾಲೆಯ ಮಕ್ಕಳ ಕಥೆ ಹೇಳಿದರು.

ಕಿವಿ ಕೇಳದ ನಿನ್ನ ಮಕ್ಕಳು ನಿನ್ನ ಬಾಯಿ ನೋಡಿಯೇ ಮಾತು ಕಲಿಯುವುದಲ್ಲವೇ? ತುಟಿ ಹೇಗೆ ತೆರೆಯುತ್ತದೆ, ನಾಲಿಗೆ ಎಲ್ಲಿ ತಾಗುತ್ತದೆ, ಎಲ್ಲವೂ ನಿನ್ನ ಮುಖದಿಂದಲೇ ಅವರಿಗೆ ಹೋಗಬೇಕು. ಹೊಸ ಶಾಲೆಯ ಹೆಡ್‌ಮಿಸ್ ಒಂದು ದಿನ ನಿನ್ನ ಕ್ಲಾಸಿಗೆ ಬಂದರಂತೆ. ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ‘ಆ’ ಅನ್ನಿಸಿದರಂತೆ. ಎಂಟು ಮಕ್ಕಳೂ ಬಾಯಿಯನ್ನು ಎಡಕ್ಕೆ ಸೊಟ್ಟ ಮಾಡಿ ಅರ್ಧ ತೆರೆದು ‘ಆ’ ಎಂದವಂತೆ. ಟೀಚರನ್ನು ಅಣಕಿಸುತ್ತಿದ್ದಾವೆ ಎಂದುಕೊಂಡು ಆಕೆ ಗದರಿಸಿದರೆ, ಮಕ್ಕಳು ಪಾಪ ಇನ್ನೂ ಶ್ರದ್ಧೆಯಿಂದ ಇನ್ನೂ ಸೊಟ್ಟಗೆ ಮಾಡಿ ತೋರಿಸಿದವಂತೆ. ನೀನು ಕ್ಲಾಸಿನ ಕನ್ನಡಿಯ ಮುಂದೆ ಹೋಗಿ ನಿಂತು ‘ಆ’ ಎಂದು ನೋಡಿಕೊಂಡೆಯಂತೆ. ಇಷ್ಟನ್ನು ಹೇಳುವಾಗ ಭಾವ ನಗುತ್ತಲೇ ಇದ್ದರು. ನಾನೂ ನಗುತ್ತಿದ್ದೆ. ಆಮೇಲೆ ಅವರು, ‘ಬಲಗಡೆ ಬಾಯಿ ಬಿಡೋಕೇ ಆಗಲ್ಲ ಕಣಪ್ಪ ಅವಳಿಗೆ. ಒಂದು ವರ್ಷದ ಮೇಲಾಯ್ತು’ ಎಂದರು.

ಒಂದು ವರ್ಷ ಎರಡು ತಿಂಗಳು. ಅದು ಲೆಕ್ಕ ಹಾಕದೆಯೇ ನನಗೆ ಗೊತ್ತು, ಏಕೆಂದರೆ ಆ ಕಡೆಯ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿದವನು ನಾನು.

ಹೆಡ್‌ಮಿಸ್ ಬಂದ ದಿನ ಸಂಜೆಯೇ ನೀನು ಅಲ್ಲಿನ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆಯಂತೆ. ನಿನಗೆ ನೋವೆಂದು ಹೋಗಲಿಲ್ಲ, ಮಕ್ಕಳು ತಪ್ಪು ಕಲಿಯುತ್ತಿದ್ದಾರೆಂದು ಹೋದೆ. ಆಕೆ ಸ್ಕ್ಯಾನ್ ತೆಗೆದು, ಒಳಗೆ ಕೀವು ಇದೆ, ಬಿಚ್ಚಿ ಮತ್ತೆ ಮಾಡಬೇಕು, ಇಲ್ಲವಾದರೆ ಕೀಳಬೇಕು ಎಂದರೆ ನೀನು ಏನು ಹೇಳಿದೆ? ‘ಇದು ನನ್ನ ತಮ್ಮ ಮಾಡಿದ ಹಲ್ಲು, ಅವನನ್ನ ಕೇಳ್ದೆ ಮುಟ್ಟಬೇಡಿ’ ಎಂದೆ. ಸರಿ, ತಮ್ಮನನ್ನು ಕೇಳೋಣ ಎಂದರೆ, ‘ಅವನಿಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾನೆ’ ಎಂದೆ. ಮುಟ್ಟುವ ಹಾಗೂ ಇಲ್ಲ, ಕೇಳುವ ಹಾಗೂ ಇಲ್ಲ. ಮೂರು ವಾರದಿಂದ ಮಾತ್ರೆ ನುಂಗಿಕೊಂಡು ಕೂತಿದ್ದೀಯ. ಇಂಥ ಅಕ್ಕನನ್ನು ಏನು ಮಾಡಬೇಕು ಹೇಳು.

ಭಾವ ಹೇಳಿದ ಮೇಲೆ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರಗಳ ಜೊತೆ ನನಗೊಂದು ಇಮೇಲ್ ಪತ್ರ ಕಳಿಸಿದ್ದಾರೆ. ನಿನ್ನೆ ಬಂತು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರಿರಬೇಕು. ‘ಇದು ಯಾರ ಕಣ್ಣಿಗೂ ತಪ್ಪಬಹುದಾದ ನಾಳ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಬರೆದಿದ್ದಾರೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಮೇಲಿನ ದವಡೆಯ ಆ ಹಲ್ಲಿಗೆ ಮೂರು ಬೇರು. ಬೇರಿನೊಳಗೆ ಕೂದಲೆಳೆಯಂಥ ನಾಳ, ಅದರಲ್ಲಿ ನರ. ಕೊಳೆತ ನರವನ್ನು ತೆಗೆದು, ನಾಳವನ್ನು ತೊಳೆದು ಮುಚ್ಚುವುದೇ ರೂಟ್ ಕೆನಾಲ್. ಮೂರು ಬೇರಿಗೆ ಮೂರೇ ನಾಳ ಎಂದುಕೊಳ್ಳುವ ಹಾಗಿಲ್ಲ. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಬಹಳ ಜನರಿಗೆ ಎರಡಿರುತ್ತವೆ. ನಾನು ಮೂರನ್ನು ತೊಳೆದು ಮುಚ್ಚಿದೆ. ನಾಲ್ಕನೆಯದು ಹಾಗೆಯೇ ಉಳಿಯಿತು. ಅದು ಒಳಗೊಳಗೇ ಕೊಳೆಯುತ್ತಾ ನಿನ್ನನ್ನು ಒಂದು ವರ್ಷ ಎರಡು ತಿಂಗಳು ತಿಂದಿದೆ.

ಪತ್ರ ಓದಿದವನೇ ನಿನ್ನ ಹಳೆಯ ಎಕ್ಸ್‌ರೇಗಳನ್ನು ಹುಡುಕಿ ತೆಗೆದು ದೀಪದ ಪೆಟ್ಟಿಗೆಯ ಮೇಲಿಟ್ಟೆ. ಯಾರ ಕಣ್ಣಿಗೂ ತಪ್ಪಬಹುದು ಎಂಬ ಮಾತು ನನಗೆ ಸಲ್ಲುವುದಿಲ್ಲ, ಅಕ್ಕ. ಓರೆಯಾಗಿ ತೆಗೆದ ಎರಡನೆಯ ಚಿತ್ರದಲ್ಲಿ ನಾನು ತುಂಬಿದ ಬಿಳಿ ಗೆರೆ ಬೇರಿನ ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಹಾಗೆ ಸರಿದಿದ್ದರೆ ಪಕ್ಕದಲ್ಲಿ ಇನ್ನೊಂದು ಇದೆ ಎಂದೇ ಅರ್ಥ. ಓದುವಾಗ ನಮಗೆ ಮೊದಲು ಹೇಳಿಕೊಡುವುದೇ ಅದು. ಚಿತ್ರ ನನ್ನ ಕೈಯಲ್ಲಿತ್ತು. ನಾನು ನೋಡಲಿಲ್ಲ.

ಯಾಕೆ ನೋಡಲಿಲ್ಲ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಬೇರೆಯವರು ಕುರ್ಚಿಯಲ್ಲಿ ಕೂತರೆ ನಾನು ಮೂಕ. ಅದು ನಮ್ಮ ಕ್ಲಿನಿಕ್ಕಿನ ನರ್ಸ್ ಸಿಸ್ಟರಿಗೂ ಗೊತ್ತು. ಅವತ್ತು ನೀನು ಕೂತಿದ್ದೆ. ನಿನ್ನ ಬಾಯಿ ತುಂಬ ಹತ್ತಿ, ರಬ್ಬರಿನ ಹಾಳೆ. ಜೀವಮಾನದಲ್ಲಿ ಮೊದಲ ಸಲ ನೀನು ಎದುರು ಮಾತಾಡದ ಸ್ಥಿತಿಯಲ್ಲಿ ಸಿಕ್ಕಿದ್ದೆ. ನಾನು ಬಿಡುತ್ತೇನೆಯೇ? ಹೊಸ ಕುರ್ಚಿ ತಂದದ್ದು, ಪಕ್ಕದ ಬೀದಿಯ ಡಾಕ್ಟರಿಗಿಂತ ನನ್ನ ಹತ್ತಿರ ಜನ ಹೆಚ್ಚು ಬರುವುದು, ಕಾಲೇಜಿನಿಂದ ಭಾಷಣಕ್ಕೆ ಕರೆದದ್ದು, ಒಂದೂ ಬಿಡದೆ ಕೊಚ್ಚಿಕೊಂಡೆ. ನೀನು ಕಣ್ಣಿನಲ್ಲೇ ‘ಹೂಂ, ಹೂಂ’ ಎನ್ನುತ್ತಿದ್ದೆ. ನಿನ್ನ ಕಣ್ಣಿನ ಆ ಹೆಮ್ಮೆ ನೋಡುತ್ತಾ ಕೈಯಲ್ಲಿದ್ದ ಚಿತ್ರವನ್ನು ನೋಡುವುದು ಮರೆತೆ.

ಇಷ್ಟೇ ಆಗಿದ್ದರೆ ಅದು ಕೆಲಸದಲ್ಲಾದ ತಪ್ಪು, ಒಪ್ಪಿಕೊಂಡು ಸರಿಮಾಡಿದರೆ ಮುಗಿಯಿತು. ಆದರೆ ಆಮೇಲೆ ನೀನು ಮೂರು ಸಲ ಬಂದೆ. ಮೊದಲ ಸಲ, ‘ಬಿಸಿ ಕುಡಿದ್ರೆ ಒಂಥರಾ ಜುಮ್ ಅನ್ನುತ್ತೆ’ ಎಂದೆ. ನಾನು, ಹದಿನೈದು ದಿನ ತಾಳು, ಹೊಸತರಲ್ಲಿ ಹಾಗೇ ಎಂದೆ. ಎರಡನೆಯ ಸಲ ನೀನು, ಕಚ್ಚಿದರೆ ನೋವು ಎಂದೆ. ನಾನು ಹಲ್ಲಿನ ಮೇಲೆ ಕೂರಿಸಿದ್ದ ಕ್ಯಾಪನ್ನು ಸ್ವಲ್ಪ ಉಜ್ಜಿ ಕಳಿಸಿದೆ. ಮೂರನೆಯ ಸಲ ನೀನು ಶಾಲೆ ಮುಗಿಸಿಕೊಂಡು ಬ್ಯಾಗು ಸಮೇತ ಬಂದು ಹೊರಗೆ ಬೆಂಚಿನ ಮೇಲೆ ನಿನ್ನ ಸರದಿಗೆ ಕಾಯುತ್ತಾ ಕೂತಿದ್ದೆ. ಒಳಗೆ ಕರೆದು, ಬಾಯಿ ಕೂಡ ಸರಿಯಾಗಿ ನೋಡದೆ, ಸಿಸ್ಟರ್ ಎದುರಿಗೇ ಅಂದೆ: ‘ಅಕ್ಕ, ಆ ಹಲ್ಲಲ್ಲಿ ನರಾನೇ ಇಲ್ಲ. ನೋವು ಎಲ್ಲಿಂದ ಬರ್ಬೇಕು? ನಿಂಗೆ ಯೋಚನೆ ಜಾಸ್ತಿ ಆಗಿದೆ ಅಷ್ಟೆ.’ ನೀನು ‘ಇರ್ಬಹುದು ಕಣೋ’ ಎಂದು ನಕ್ಕು ಎದ್ದುಹೋದೆ. ಮತ್ತೆ ಬರಲಿಲ್ಲ. ನೋವು ಹೋಯಿತು ಎಂದು ನಾನು ತಿಳಿದುಕೊಂಡೆ. ಹೋದದ್ದು ನೋವಲ್ಲ, ನನ್ನ ಹತ್ತಿರ ಹೇಳಿಕೊಳ್ಳುವ ಮನಸ್ಸು.

ನನ್ನವಳು ಗಮನಿಸಿದ್ದಳು. ಅತ್ತಿಗೆ ಬಿಸ್ಕತ್ತನ್ನು ಚಹಾದಲ್ಲಿ ನೆನೆಸಿ ಎಡಗಡೆಗೇ ಹಾಕಿಕೊಳ್ಳುತ್ತಾರೆ, ಸೇಬನ್ನು ಹಾಳೆಯಷ್ಟು ತೆಳ್ಳಗೆ ಹೆಚ್ಚಿಕೊಳ್ಳುತ್ತಾರೆ, ಒಂದು ಸಲ ಕೇಳಿ ನೋಡಿ ಎಂದಳು. ನಮ್ಮ ಮನೆಗೊಬ್ಬ ಡಾಕ್ಟರ್ ಸಾಕಾಗಲಿಲ್ಲವೇ ಎಂದು ತಮಾಷೆ ಮಾಡಿದೆ. ಹಲ್ಲುಕಚ್ಚಿ ಸಹಿಸಿಕೊಂಡರು ಎನ್ನುತ್ತಾರಲ್ಲ, ನಿನಗೆ ಕಚ್ಚುವುದಕ್ಕೂ ಆಗದ ನೋವು ಅದು. ಅಂಥದ್ದರಲ್ಲಿ ನೀನು ಮನೆ ಬದಲಾಯಿಸಿದೆ, ಸಾಮಾನು ಕಟ್ಟಿದೆ, ಹೊಸ ಊರಿನಲ್ಲಿ ಹೊಸ ಮಕ್ಕಳಿಗೆ ಮಾತು ಕಲಿಸಿದೆ.

ಮಾತು ಕಲಿಸುವುದು ನಿನ್ನ ಕೆಲಸವಾದದ್ದೇ ನನ್ನಿಂದ ಎಂದು ಅಮ್ಮ ಹೇಳುತ್ತಿದ್ದಳು. ಮುಂಹಲ್ಲು ಬಿದ್ದು ಎರಡು ವರ್ಷ ಬೆಳೆಯದೇ ನಾನು ಬೊಚ್ಚನಾಗಿದ್ದಾಗ, ಶಾಲೆಯಲ್ಲಿ ಎಲ್ಲರೂ ನನ್ನ ಮಾತಿಗೆ ನಗುತ್ತಾರೆಂದು ನಾನು ಬಾಯಿಯೇ ಬಿಡುತ್ತಿರಲಿಲ್ಲವಂತೆ. ನೀನು ದಿನಾ ಸಂಜೆ ನನ್ನನ್ನು ಅಡುಗೆಮನೆ ಕಟ್ಟೆಯ ಮೇಲೆ ಕೂರಿಸಿಕೊಂಡು ‘ಸ’ ಮತ್ತು ‘ದ’ ಹೇಳಿಸುತ್ತಿದ್ದೆ. ನಾನು ಹೇಳಿದ್ದು ತಪ್ಪಾದರೂ ನೀನು ಒಮ್ಮೆಯೂ ‘ಅಲ್ಲ’ ಎನ್ನಲಿಲ್ಲ. ‘ಇನ್ನೊಂದ್ ಸಲ ಹೇಳು, ಕೇಳಿಸ್ಕೋತೀನಿ’ ಎನ್ನುತ್ತಿದ್ದೆ. ಅಂಥವಳು ನೋವು ಎಂದು ಮೂರು ಸಲ ಹೇಳಿದಾಗ ನಾನು ಒಂದು ಸಲವೂ ಕೇಳಿಸಿಕೊಳ್ಳಲಿಲ್ಲ. ತಪ್ಪಾಯಿತು, ಅಕ್ಕ. ಹಲ್ಲಿನದು ಬೇರೆ, ಆ ಮಾತಿನದು ಬೇರೆ. ಎರಡಕ್ಕೂ ಬೇರೆ ಬೇರೆಯಾಗಿ ಕ್ಷಮಿಸು. ಹಲ್ಲಿನದನ್ನು ನೀನು ಆಗಲೇ ಕ್ಷಮಿಸಿರುತ್ತೀಯ. ಆ ಮಾತಿನದಕ್ಕೆ ಸ್ವಲ್ಪ ಸಮಯ ತೆಗೆದುಕೋ, ಪರವಾಗಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಧನ್ಯವಾದ ಹೇಳಿದ ಮೇಲೆ, ನಾನೇ ಬಂದು ನಿಮ್ಮ ಕ್ಲಿನಿಕ್ಕಿನಲ್ಲಿ ಅದನ್ನು ಸರಿಮಾಡಲೇ ಎಂದು ಕೇಳಿದೆ. ಆಕೆ, ‘ಬೇಡ ಸರ್. ನಿಮ್ಮ ಕೈ ನಡುಗುತ್ತೆ’ ಎಂದರು. ಇಪ್ಪತ್ತೊಂದು ವರ್ಷದ ಅನುಭವದವನಿಗೆ ಆ ಮಾತು ಮುಖಕ್ಕೆ ಹೊಡೆದ ಹಾಗಿತ್ತು. ‘ನಮ್ಮಮ್ಮನ ಹಲ್ಲು ನಾನೂ ಮುಟ್ಟಲ್ಲ ಸರ್, ನನ್ನ ಫ್ರೆಂಡ್ ಹತ್ರ ಕಳಿಸ್ತೀನಿ’ ಎಂದು ಮೆಲ್ಲಗೆ ಸೇರಿಸಿದರು. ನಾನು ಎಡಗೈಗೆ ಫೋನ್ ಬದಲಾಯಿಸಿ ಬಲಗೈ ನೋಡಿಕೊಂಡೆ. ಆಕೆ ಹೇಳಿದ್ದು ನಿಜವಾಗಿತ್ತು. ಅವರ ಹತ್ತಿರ ಸೂಕ್ಷ್ಮದರ್ಶಕವಿದೆ, ಆ ನಾಲ್ಕನೆಯ ನಾಳದ ಬಾಯಿ ಅದರಲ್ಲಿ ಚೆನ್ನಾಗಿ ಕಾಣುತ್ತದಂತೆ. ಎರಡು ಸಲ ಕೂತರೆ ಸಾಕು, ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿದೆ, ಆದರೆ ಇನ್ನು ತಡಮಾಡಬಾರದು ಎಂದರು.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಸಿಸ್ಟರನ್ನು ಕರೆದು, ನಾನು ‘ಯೋಚನೆ ಜಾಸ್ತಿ’ ಎಂದು ಹೇಳಿ ಕಳಿಸಿದವರು ಬೇರೆ ಯಾರಾದರೂ ನೆನಪಿದ್ದಾರೆಯೇ ಎಂದು ಕೇಳಿದೆ. ಆಕೆ ಯೋಚಿಸಲೂ ಇಲ್ಲ, ಇಬ್ಬರ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಒಬ್ಬರು ಗ್ರಂಥಾಲಯದಲ್ಲಿ ಕೆಲಸ ಮಾಡುವವರು, ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಬಂದರು. ಎಲ್ಲ ಕೋನದಿಂದಲೂ ಎಕ್ಸ್‌ರೇ ತೆಗೆದು ನೋಡಿದೆ. ನಿಜಕ್ಕೂ ಹಲ್ಲಿನಲ್ಲಿ ಏನೂ ಇರಲಿಲ್ಲ. ಆದರೆ ಈ ಸಲ ಕೂತು ಕೇಳಿದೆ: ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವ ಕಡೆ ಮಲಗಿದರೆ ಹೆಚ್ಚು. ಕೇಳುತ್ತಾ ಹೋದರೆ ನೋವು ಹಲ್ಲಿನದಲ್ಲ, ದವಡೆಯ ಕೀಲಿನದು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ‘ಅಂದ್ರೆ ನಂಗೆ ಸುಮ್ಸುಮ್ನೆ ನೋವಲ್ಲ ತಾನೆ?’ ಎಂದು ಎರಡು ಸಲ ಕೇಳಿ, ಕಣ್ಣೊರೆಸಿಕೊಂಡು ಹೋದರು. ಇನ್ನೊಬ್ಬರು ನಾಳೆ ಬರುತ್ತಾರೆ. ಅವರ ಹಲ್ಲಿನ ಬಗ್ಗೆ ನನಗೆ ಹೆದರಿಕೆ ಇದೆ. ನೋಡೋಣ.

ಹೊರಗೆ ಜನ ಬಂದು ಕೂತಿದ್ದಾರೆ, ಸಿಸ್ಟರ್ ಎರಡು ಸಲ ಇಣುಕಿ ಹೋದರು. ಬಿಸಿಯದನ್ನು ಕುಡಿಯಬೇಡ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡ. ಭಾವನಿಗೆ ನನ್ನ ನಮಸ್ಕಾರ ಹೇಳು, ಅವರನ್ನು ಬೈಯಬೇಡ. ನಿನ್ನ ಎಂಟು ಮಕ್ಕಳಿಗೂ ನನ್ನ ಪ್ರೀತಿ ತಿಳಿಸು; ಅವರು ಅಷ್ಟು ಶ್ರದ್ಧೆಯ ವಿದ್ಯಾರ್ಥಿಗಳಲ್ಲದಿದ್ದರೆ ನನಗೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ. ನಿನ್ನ ಆರೋಗ್ಯ ಬೇಗ ಸುಧಾರಿಸಲಿ. ಈ ತಮ್ಮನ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ
ಬೊಚ್ಚ

ಮರೆತದ್ದು: ಬರುವ ವಾರ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಡಾಕ್ಟರಮ್ಮನ ಹತ್ತಿರ ನಿನಗೆ ಸಮಯ ಗೊತ್ತುಮಾಡಿದ್ದೇನೆ. ಶಾಲೆಗೆ ಭಾವ ಹೇಳಿಯಾಗಿದೆ, ನೀನು ತಪ್ಪಿಸಿಕೊಳ್ಳುವ ಹಾಗಿಲ್ಲ. ಗುರುವಾರ ಸಂಜೆಯ ಬಸ್ಸಿಗೆ ನಾನು ಬರುತ್ತೇನೆ. ಡಾಕ್ಟರಾಗಿ ಅಲ್ಲ, ರೋಗಿಯ ಕಡೆಯವನಾಗಿ. ಕುರ್ಚಿಯ ಪಕ್ಕ ನನಗೊಂದು ಸ್ಟೂಲು ಹಾಕಿಸುತ್ತಾರಂತೆ. ಸ್ವಲ್ಪವೇ ನೋವಾದರೂ ‘ಏನಿಲ್ಲ’ ಅನ್ನಬೇಡ, ನನ್ನ ಕೈ ಹಿಡಿದು ಒತ್ತು. ನಾನು ನಿಲ್ಲಿಸಿ ಎನ್ನುತ್ತೇನೆ.