ಗಲ್ಲಾದ ಹಿಂದಿನ ಜಾಹೀರಾತು

ಡೇಟನ್, ಓಹಾಯೋ
ಅಕ್ಟೋಬರ್ 9, 1972, ಸೋಮವಾರ ಬೆಳಗ್ಗೆ

ನನ್ನ ಹಠಮಾರಿ ವೆಂಡೆಲ್‌ಗೆ,

ನಿನ್ನ ಟೋಪಿ ಅಂಗಡಿಯ ಮಾಳಿಗೆಯಲ್ಲಿ ನೀನು ಸುಖವಾಗಿದ್ದೀಯೆಂದು ನಿನ್ನ ಗೆಳೆಯ ಚೆಸ್ಟರ್ ಹೇಳಿದ. ಸುಖವೆಂದರೇನು ಎಂದು ಕೇಳಿದೆ. ಡಬ್ಬಿಯ ಸೂಪು ಕುಡಿಯುತ್ತಾನೆ, ಪೈಪು ಸೇದುತ್ತಾನೆ, ಗೋಡೆ ನೋಡುತ್ತಾನೆ ಎಂದ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಶೂ ಪಾಲಿಶ್ ಡಬ್ಬಿಯ ಮೇಲಿನ ಬರಹವನ್ನೂ ಕೊನೆಯ ಅಕ್ಷರದವರೆಗೆ ಓದುವವನು ನೀನು, ಇದನ್ನು ಅರ್ಧಕ್ಕೆ ಬಿಡಲು ನಿನ್ನಿಂದಾಗದು.

ವಿಷಯ ಇಷ್ಟು. ಇವತ್ತು ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ನಿನಗೆ ಹಾಸಿಗೆ ಗೊತ್ತಾಗಿದೆ. ನಾಳೆ ಆಪರೇಷನ್. ಎಲ್ಲವನ್ನೂ ನಾನೇ ಗೊತ್ತುಮಾಡಿದೆ, ನಿನ್ನನ್ನು ಕೇಳಲಿಲ್ಲ. ನಾಲಿಗೆಯ ಅಂಚಿನದು ಕ್ಯಾನ್ಸರ್, ಅದಕ್ಕೆ ಬೇರೆ ಹೆಸರಿಲ್ಲ. ಈಗ ಕತ್ತರಿಸಿದರೆ ಹೆಬ್ಬೆರಳ ಉಗುರಿನಷ್ಟು ಹೋಗುತ್ತದೆ, ಚಳಿಗಾಲ ಕಳೆಯಲಿ ಎಂದು ಕೂತರೆ ನೀನೇ ಹೋಗುತ್ತೀಯ. ಡಾಕ್ಟರ್ ಬೆಕರ್ ಇದನ್ನೇ ಇನ್ನಷ್ಟು ನಯವಾಗಿ ಹೇಳಿದರು.

ನನ್ನ ಸಿಟ್ಟೆಲ್ಲ ನಿಮ್ಮ ಗುರುವಾರದ ಪೈಪು ಕೂಟದ ಮೇಲೆ. ಅವಸರದಲ್ಲಿ ಬಿಸಿಬಿಸಿಯಾಗಿ ಎಳೆದರೆ ನಾಲಿಗೆ ಉರಿಯುವುದಕ್ಕೆ ನೀವು ‘ಕಡಿತ’ ಎಂದು ಹೆಸರಿಟ್ಟುಕೊಂಡಿದ್ದೀರಿ. ಅದು ಕಲಿಯುವವರಿಗೆ ಆಗುವಂಥದ್ದು, ನಾಚಿಕೆಗೇಡು ಬೇರೆ. ಹೋದ ಬೇಸಿಗೆಯಲ್ಲಿ ನೀನು ಬಾಯಿ ತೆರೆದು ಹುಣ್ಣು ತೋರಿಸಿದಾಗ ಅಷ್ಟು ಜನರಲ್ಲಿ ಒಬ್ಬನಾದರೂ ವೈದ್ಯರ ಹೆಸರು ಎತ್ತಿದನೇ? “ಕಡಿತ ಕಣೋ ಅದು. ಈ ವಯಸ್ಸಲ್ಲಿ ಸೇದೋದು ಮರ್ತುಹೋಯ್ತಾ ನಿಂಗೆ? ನಿಧಾನಕ್ಕೆ ಎಳಿ,” ಎಂದು ಚೆಸ್ಟರ್ ನಕ್ಕನಂತೆ. ನೀನು ತಂಬಾಕು ಬದಲಾಯಿಸಿದೆ, ಪೈಪು ಬದಲಾಯಿಸಿದೆ, ಉಪ್ಪುನೀರು ಮುಕ್ಕಳಿಸಿದೆ. ನಾಚಿಕೆಗೆ ಅಂಜಿ ಹುಣ್ಣನ್ನು ಸಾಕಿದೆ. ನಾನು ಎಳೆದುಕೊಂಡು ಹೋಗದಿದ್ದರೆ ಇವತ್ತಿಗೂ ಮುಕ್ಕಳಿಸುತ್ತಲೇ ಇರುತ್ತಿದ್ದೆ.

ವೈದ್ಯರು ಪೈಪು ಬಿಡಬೇಕು ಎಂದ ಸಂಜೆಯೇ ನೀನು ಪೈಪುಗಳ ಸ್ಟ್ಯಾಂಡು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೆ. ಬಾಗಿಲಲ್ಲಿ ನಿಂತು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಪೈಪೂ ಇಲ್ದೆ, ಮಾತೂ ನೆಟ್ಟಗೆ ಬರ್ದೆ, ನಾನು ಯಾವನಾಗಿ ಬದುಕ್ಲಿ ಕೊರಿನ್?” ಹೆಂಡತಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ನನ್ನ ಗಂಡನಾಗಿ ಬದುಕು ಎಂದು ಆಗಲೇ ಹೇಳಬೇಕಿತ್ತು, ಈಗ ಹೇಳುತ್ತಿದ್ದೇನೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ನಿನ್ನಂಥವರನ್ನು ಕಂಡೇ.

ಹಳೆಯ ಕಾಲದ ಮೇಲಿನ ನಿನ್ನ ಪ್ರೀತಿಯನ್ನು ನಾನು ಆಡಿಕೊಳ್ಳುತ್ತಿಲ್ಲ, ನನಗೂ ಅದು ಇದೆ. ಇಸ್ತ್ರಿಯ ಗೆರೆ ಕೆಡದ ಪ್ಯಾಂಟು, ಹೆಂಗಸರು ಎದುರಾದರೆ ಮೇಲೇಳುತ್ತಿದ್ದ ಟೋಪಿ, ಪೈಪು ತುಂಬುವ ನೆಪದಲ್ಲಿ ಯೋಚಿಸಿ ಉತ್ತರ ಕೊಡುತ್ತಿದ್ದ ಗಂಡಸರು. ಈಗಿನ ಹುಡುಗರು ನಿನ್ನ ಅಂಗಡಿಗೆ ಬರುವುದೇ ಟೋಪಿ ಹಾಕಿಕೊಂಡು ಕನ್ನಡಿ ನೋಡಿ ನಗುವುದಕ್ಕೆ. ಗೋಡೆಯ ತುಂಬ ನೀನು ಕಟ್ಟುಹಾಕಿಸಿ ತೂಗಿಸಿದ ಪೈಪಿನ ಜಾಹೀರಾತುಗಳ ಧೂಳನ್ನು ಒರೆಸಿದವಳು ನಾನೇ. ಅದರಲ್ಲೂ ಗಲ್ಲಾದ ಹಿಂದಿನದು: ಚೌಕುಳಿ ಕೋಟಿನವನು ಆರಾಮ ಕುರ್ಚಿಯಲ್ಲಿ ಒರಗಿದ್ದಾನೆ, ಪಕ್ಕದಿಂದ ಒಂದು ಹೆಣ್ಣಿನ ಕೈ ಕಡ್ಡಿ ಗೀರಿ ಹಿಡಿದಿದೆ. ಅವನನ್ನು ನೋಡಿ ನೀನು ಅಂಥದೇ ಕೋಟು ಹೊಲಿಸಿದೆ, ಅವನಂತೆಯೇ ತಲೆ ಓರೆ ಮಾಡಲು ಕಲಿತೆ.

ಈಗ ಕೇಳು. ಆ ಕೈ ನನ್ನದು.

ಮದುವೆಗೆ ಮುಂಚೆ ನಾನು ಸಿನ್ಸಿನಾಟಿಯ ಜಾಹೀರಾತು ಕಂಪನಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆನಲ್ಲ, ಆಗಿನ ಮಾತು. ಕೈಯ ಫೋಟೋಕ್ಕೆ ಬರಬೇಕಾದ ಹುಡುಗಿ ಜ್ವರ ಬಂದು ಮಲಗಿದ್ದಳು. ಉಗುರು ಚೆನ್ನಾಗಿದೆಯೆಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಕರೆದೊಯ್ದರು. ಆ ಚೌಕುಳಿ ಕೋಟಿನವನು ಪೀಠೋಪಕರಣ ಮಾರುವವನು, ಜನ್ಮದಲ್ಲಿ ತಂಬಾಕು ಮುಟ್ಟಿದವನಲ್ಲ, ವಾಸನೆಗೇ ಕೆಮ್ಮುತ್ತಿದ್ದ. ಬಾಯಲ್ಲಿ ಪುದೀನ ಪೆಪ್ಪರಮಿಂಟು, ಪೈಪಿನಲ್ಲಿ ಏನೂ ಇಲ್ಲ. “ಬೇಗ ತೆಗೀರಪ್ಪ, ಇದನ್ನ ಕಚ್ಕೊಂಡು ಕಚ್ಕೊಂಡು ದವಡೆ ಬಿದ್ದುಹೋಯ್ತು,” ಎಂದು ಗೊಣಗುತ್ತಿದ್ದ. ನಾನು ಹಿಡಿದ ಕಡ್ಡಿಗೂ ಬೆಂಕಿಯಿರಲಿಲ್ಲ. ಬೆಂಕಿ, ಹೊಗೆ ಎರಡನ್ನೂ ಆಮೇಲೆ ಒಬ್ಬಾಕೆ ಫೋಟೋದ ಮೇಲೆ ಕುಂಚದಲ್ಲಿ ಬರೆದಳು. ಆಗ ಎಲ್ಲ ಜಾಹೀರಾತುಗಳನ್ನೂ ಹಾಗೆಯೇ ಮಾಡುತ್ತಿದ್ದರು, ನಿಜವಾದ ಹೊಗೆ ಫೋಟೋದಲ್ಲಿ ಕೊಳಕಾಗಿ ಕಾಣುತ್ತಿತ್ತು. ಇದನ್ನು ನಿನಗೆ ಇಷ್ಟು ವರ್ಷ ಹೇಳಲಿಲ್ಲ, ಆ ಬಗ್ಗೆ ಪಶ್ಚಾತ್ತಾಪವೂ ಇಲ್ಲ. ಗಂಡ ಖುಷಿಯಾಗಿ ನೋಡುವ ಚಿತ್ರವನ್ನು ಹೆಂಡತಿ ಯಾಕೆ ಕೆಡಿಸಬೇಕು?

ಆದರೆ ನೀನು ಅದಕ್ಕಾಗಿ ಸಾಯಲು ಹೊರಟರೆ ಕೆಡಿಸಲೇಬೇಕು. ನೀನು ಮೆಚ್ಚಿದ ಗಾಂಭೀರ್ಯ, ತಾಳ್ಮೆ, ಕುಳಿತ ಭಂಗಿ ಎಲ್ಲವೂ ಅಲ್ಲಿದ್ದವು, ಹೊಗೆಯೊಂದು ಇರಲಿಲ್ಲ. ಖಾಲಿ ಪೈಪು ಕಚ್ಚಿಕೊಂಡು ಗಲ್ಲಾದ ಮೇಲೆ ಕೂರು, ಗಾಯ ಮಾಗಿದ ಮೇಲೆ ಅಡ್ಡಿಯಿಲ್ಲವೆಂದು ಬೆಕರ್ ಹೇಳಿದ್ದಾರೆ. ಮಾತು ತೊದಲಿದರೆ ತೊದಲಲಿ. ಗಿರಾಕಿಗಳೊಡನೆ ನಾನು ಮಾತಾಡುತ್ತೇನೆ, ನೀನು ತಲೆಯ ಅಳತೆ ತೆಗೆ. ಮನೆಯಲ್ಲಿ ನಿನ್ನ ಮಾತು ನನಗೆ ಅರ್ಥವಾಗದಿದ್ದ ದಿನ ಇದುವರೆಗೆ ಬಂದಿಲ್ಲ, ಇನ್ನು ಮುಂದೆಯೂ ಬರಲು ನಾನು ಬಿಡುವುದಿಲ್ಲ.

ನಿನ್ನ ಪೈಜಾಮ, ಶೇವಿಂಗ್ ಸಾಮಾನು ಕಟ್ಟಿಟ್ಟಿದ್ದೇನೆ. ನೀನು ನಿನ್ನ ಮೈಯೊಂದನ್ನು ತಂದರೆ ಸಾಕು.

ನಿನ್ನನ್ನು ಬಿಟ್ಟುಕೊಡಲು ಒಪ್ಪದ,
ಕೊರಿನ್

ಮರೆತ ಮಾತು: ಇದನ್ನು ಅಂಚೆಗೆ ಹಾಕಿಲ್ಲ, ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿದ್ದೇನೆ. ನೀನು ಮನೆ ಬಿಟ್ಟ ಮೇಲೆ ದಿನಾ ಬೆಳಗ್ಗೆ ಎದುರಿನ ಬ್ಯಾಂಕಿನ ಮುಂದೆ ಕಾರು ನಿಲ್ಲಿಸಿ ನಿನ್ನ ಕಿಟಕಿಯನ್ನು ನೋಡುತ್ತಿದ್ದೆ. ಹೊಗೆ ಕಂಡರೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಸದ್ಯ ಎದ್ದಿದ್ದಾನಲ್ಲ ಎಂದು ಅಳುತ್ತಲೂ ಇದ್ದೆ. ಆಮೇಲೆ ಮನೆಗೆ ಹೋಗುತ್ತಿದ್ದೆ. ಇವತ್ತು ಹೋಗುವುದಿಲ್ಲ. ಕೆಳಗಿದ್ದೇನೆ, ಇಳಿದು ಬಾ.