ಎದುರಾಳಿಯ ನಂಬರ್ ತೊಟ್ಟವಳು

ಹಾರ್ಲನ್ ಫಾಲ್ಸ್, ನೆಬ್ರಾಸ್ಕಾ
ಡಿಸೆಂಬರ್ ೯, ಮಂಗಳವಾರ

ಪ್ರೀತಿಯ ರಾಯ್ಸಣ್ಣಾ,

ಹೇಗಿದ್ದೀಯ? ನೇವಿ ಟ್ರೇನಿಂಗ್‌ನಲ್ಲಿ ಫೋನ್ ಕಿತ್ತಿಟ್ಟುಕೊಂಡಿದ್ದಾರೆ ಎಂದು ಅಮ್ಮ ಹೇಳಿದಳು, ಅದಕ್ಕೇ ಈ ಕಾಗದ. ಮೊಣಕಾಲು ನೋವು ಕಡಿಮೆಯಾಯಿತಾ? ನಿದ್ದೆಗಾದರೂ ಬಿಡುತ್ತಾರಾ? ಅವರು ಕೂಗಾಡಿದರೆ ಹೆದರಬೇಡ. ನಾವಿಬ್ಬರೂ ಹಾಸ್ಟೆಲ್‌ನಲ್ಲಿ ಇದಕ್ಕಿಂತ ಜೋರಿನ ವಾರ್ಡನ್‌ಗಳನ್ನು ಕಂಡವರು.

ಇನ್ನು ನನ್ನ ಗೋಳು. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನಾನು ವಾಕ್-ಆನ್ ಅಲ್ಲವಾ? ಟ್ರಯಲ್ ಕೊಟ್ಟು ಸೇರಿದವಳು, ಸ್ಕಾಲರ್‌ಶಿಪ್ ಇಲ್ಲ, ಫೀಸ್ ನಮ್ಮದೇ. ಅಮ್ಮ ಈ ಒಂದು ವರ್ಷಕ್ಕೆ ಮಾತ್ರ ಕಟ್ಟಬಲ್ಲಳು. ಅಷ್ಟರಲ್ಲಿ ಸ್ಕಾಲರ್‌ಶಿಪ್ ಸಿಗದಿದ್ದರೆ ಓದು ನಿಂತ ಹಾಗೆಯೇ. ಪ್ರಾಕ್ಟೀಸ್‌ನಲ್ಲಿ ನನ್ನ ಕೆಲಸ ಏನು ಗೊತ್ತಾ? ಶನಿವಾರ ಯಾರ ಮೇಲೆ ಮ್ಯಾಚೋ ಅವರ ಸ್ಟಾರ್ ಆಟಗಾರ್ತಿಯ ಹಾಗೆ ಆಡುವುದು. ಅವಳ ನಂಬರ್ ತೊಟ್ಟು, ವಿಡಿಯೋ ನೋಡಿ ಅವಳ ಎಡಗೈ ಶಾಟ್ ಕಲಿತು, ನಮ್ಮವರ ಕೈಲಿ ತಳ್ಳಿಸಿಕೊಳ್ಳುವುದು. ಮ್ಯಾಚಿನ ದಿನ ಬೆಂಚೇ ಗತಿ. ಕೋಚ್ ಹ್ಯಾನ್ಲನ್ ಮೇಡಂ, “ಡೆಲ್, ನೀನು ಅವಳಿಗಿಂತ ಚೆನ್ನಾಗಿ ಅವಳಾಗ್ತೀಯ ಕಣೇ!” ಅನ್ನುತ್ತಾರೆ. ಹೊಗಳಿಕೆಯಂತೆ!

ನಿನ್ನೆ ಪ್ರಾಕ್ಟೀಸ್ ಮುಗಿದ ಮೇಲೆ, ಸ್ಕಾಲರ್‌ಶಿಪ್ ಯಾರಿಗೆಂದು ಹೇಳುವುದನ್ನು ವಿಡಿಯೋ ಮಾಡಲು ಕ್ಯಾಮೆರಾ ತಂದರು. ಒಂದೇ ಒಂದು ಖಾಲಿಯಿದೆ ಎಂದು ಎಲ್ಲರಿಗೂ ಗೊತ್ತಿತ್ತು. ವಾಕ್-ಆನ್‌ಗಳು ನಾವಿಬ್ಬರೇ, ನಾನು ಮತ್ತು ಕೊನೆಯ ವರ್ಷದ ಜೋಲೀನ್. ಜೀವ ಬಾಯಿಗೆ ಬಂದಿತ್ತು ಅಣ್ಣಾ. ಜೋಲೀನ್ ಹೆಸರು ಕೂಗಿದರು. ಪಾಪ, ಅವಳು ನೆಲಕ್ಕೆ ಕುಸಿದು ಅತ್ತಳು. ವಿಡಿಯೋದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಚಪ್ಪಾಳೆ ಹೊಡೆದವಳು ನಾನೇ. ಅಪ್ಪಿಕೊಂಡಾಗ ಅವಳು ಕಿವಿಯಲ್ಲಿ, “ಸಾರಿ ಕಣೇ, ನಿಂಗೇ ಅಂದ್ಕೊಂಡಿದ್ದೆ” ಅಂದಳು. ಅವಳ ಮೇಲೆ ಹೇಗೆ ಸಿಟ್ಟಾಗಲಿ? ಆದರೆ ಕಾಲೇಜಿನವರ ಜಾಣತನ ನೋಡು: ಅವಳು ಮೇ ತಿಂಗಳಲ್ಲಿ ಪಾಸಾಗಿ ಹೋಗುತ್ತಾಳೆ. ಕಾಲೇಜಿಗೆ ಒಂದೇ ಸೆಮಿಸ್ಟರ್‌ನ ಖರ್ಚು, ಜೊತೆಗೆ ಊರೆಲ್ಲ ನೋಡಿ ಕಣ್ಣೊರೆಸಿಕೊಳ್ಳುವ ವಿಡಿಯೋ. ಆ ಜಾಗ ಮುಂದೆ ಹೈಸ್ಕೂಲ್ ಮುಗಿಸಿ ಬರುವ ಯಾವಳಿಗೋ ಎಂದು ಆಗಲೇ ಮಾತಾಗಿದೆಯಂತೆ. ಕೇಳಿದ್ದಕ್ಕೆ ಕೋಚ್, “ತಾಳ್ಮೆ ಇರಲಿ ಮರೀ. ಜೋಲೀನ್ ಕಾಯ್ಲಿಲ್ವಾ?” ಅಂದುಬಿಟ್ಟರು. ಅವಳ ಅಪ್ಪ ಡೆಂಟಿಸ್ಟ್, ಕಾಯಬಲ್ಲಳು!

ಸರಿ, ನೀನು ಊಟ ಬಿಡಬೇಡ, ಯಾರ ಜೊತೆಗೂ ಜಗಳಕ್ಕಿಳಿಯಬೇಡ. ಹೊಸ ಗೆಳೆಯರನ್ನೆಲ್ಲ ನಾನು ಕೇಳಿದೆನೆಂದು ಹೇಳು.

ನಿನ್ನ ಸಿಡುಕಿ ತಂಗಿ,
ಡೆಲ್ಫೀನ್

ಮರೆತೆ: ನಮ್ಮೂರಿನ ಆ ಪುಟ್ಟ ಕಾಲೇಜಿನವರು ಏಪ್ರಿಲ್‌ನಲ್ಲಿ ತಮ್ಮ ತಂಡಕ್ಕೆ ಕರೆದಾಗ ಮೂಗು ಮುರಿದಿದ್ದೆನಲ್ಲ, ಅವರ ಕೋಚ್‌ಗೆ ಇವತ್ತು ನಾನೇ ಫೋನ್ ಮಾಡಿದೆ. ಪೂರ್ತಿ ಫೀಸ್ ಅವರದೇ, ಜನವರಿಗೆ ಬಾ ಅಂದರು. ಒಪ್ಪಿಕೊಂಡುಬಿಟ್ಟೆ. ಅಮ್ಮನಿಗೆ ಗೊತ್ತಿಲ್ಲ, ಇಲ್ಲಿನ ಕಾಲೇಜಿನ ಸ್ಟಿಕರನ್ನು ಕಾರಿನ ಹಿಂದಿನ ಗಾಜಿಗೆ ಅಂಟಿಸಿಕೊಂಡು ಇನ್ನೂ ಊರೆಲ್ಲ ಸುತ್ತುತ್ತಿದ್ದಾಳೆ. ನಿನಗೆ ಫೋನ್ ಸಿಕ್ಕರೂ ಬಾಯಿ ಬಿಡಬೇಡ. ನಾನೇ ಮನೆಗೆ ಹೋಗಿ ಹೇಳಿ, ಆ ಸ್ಟಿಕರನ್ನೂ ನಾನೇ ಕೆರೆದು ತೆಗೆಯುತ್ತೇನೆ.