ಕುದುರೆ ಕಾಯುವವನಿಗೆ

ಮಾರ್ಚ್ ೧೧, ಸೋಮವಾರ

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಅಕ್ಕನಿಗೆ ಕೊಬ್ಬು ಎಂದು ಬೈದುಕೊಂಡಿರುತ್ತೀಯ. ಬೈದುಕೋ, ಆ ಹಕ್ಕು ನಿನಗಿದೆ. ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ಹೊಲಿಗೆ ರಾಶಿ ಬಿದ್ದಿತ್ತು. ಅದು ಅರ್ಧ ನಿಜ. ಇನ್ನರ್ಧ ಹೇಗೆ ಬರೆಯುವುದೆಂದು ತಿಳಿಯದೆ, ಪೆನ್ನು ಹಿಡಿದು ಕೂರುವುದು, ಎದ್ದು ಹೋಗುವುದು, ಹೀಗೇ ಆಯಿತು. ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಮಗಳು ಲಿಫ್ಟ್ ರಿಪೇರಿಗೆ ನಿನ್ನ ಜೊತೆ ಬರುತ್ತೇನೆಂದು ಹಟ ಹಿಡಿದಿದ್ದಾಳಲ್ಲ, ಕರೆದುಕೊಂಡು ಹೋಗು. ಹಟ ಎಲ್ಲಿಂದ ಬಂತೆಂದು ನನ್ನನ್ನು ಮಾತ್ರ ಕೇಳಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಈ ಭಾನುವಾರ ನಿನ್ನ ಭಾವ ಗುಹೆಯ ಆಟ ಮುಗಿಸುತ್ತಾರಂತೆ. ಹೌದು, ನೀನು ಅರ್ಧಕ್ಕೆ ಎದ್ದುಹೋದ ಅದೇ ಗುಹೆ. ನೀನು ಬರಬೇಕು.

ಮೇಜು ಅದೇ, ನಾನು ಬಟ್ಟೆ ಕತ್ತರಿಸುವ ಮೇಜು. ಭಾನುವಾರ ಸೀಮೆಸುಣ್ಣದ ಗೆರೆ ಒರೆಸಿದರೆ ಆಟಕ್ಕೆ ಸಿದ್ಧ. ಬೇಕರಿಯವನು ಬನ್ನು ತರುತ್ತಾನೆ, ನರ್ಸಕ್ಕ ಪಾಳಿ ಮುಗಿಸಿ ನೇರ ಬರುತ್ತಾಳೆ. ಎದುರುಮನೆಗೆ ಹೊಸದಾಗಿ ಬಂದವರು ಒಂದು ದಿನ ಇಣುಕಿ ನೋಡಿ, "ಇದೇನ್ರೀ ಆಟ, ಹಾಸೂ ಇಲ್ಲ, ಕಾಯೂ ಇಲ್ಲ?" ಎಂದರು. ನರ್ಸಕ್ಕ ಹೇಳಿದಳು: "ಇವರು ಕಥೆ ಹೇಳ್ತಾರೆ, ನಾವು ಅದರೊಳಗೆ ನಡೀತೀವಿ. ಗೆದ್ವೋ ಸತ್ವೋ ಅಂತ ದಾಳ ಹೇಳತ್ತೆ." ಅವರು ನಮ್ಮೆಲ್ಲರ ನರೆತ ತಲೆಗಳನ್ನು ಒಮ್ಮೆ ನೋಡಿ ತಮ್ಮ ಮನೆಗೆ ಹೋದರು.

ಬೇರೆ ಕಡೆ ಈ ಆಟಕ್ಕೆ ದಪ್ಪ ದಪ್ಪ ಪುಸ್ತಕಗಳಿವೆಯಂತೆ. ನಮ್ಮ ಮನೆಯ ನಿಯಮಗಳೆಲ್ಲ ನಿನ್ನ ಭಾವನ ಬಾಯಲ್ಲೇ ಇದ್ದವು. ಸುಮ್ಮನೆ "ಹುಡುಕ್ತೀನಿ" ಎಂದರೆ ಸಾಲದು, ಕೈ ಎಲ್ಲಿಡುತ್ತೀಯ ಎಂದು ಹೇಳಬೇಕು. ನೀನು ಜಂಬದಿಂದ ಕಲ್ಲಿನ ಸಿಂಹದ ಬಾಯಿಗೇ ಕೈ ಹಾಕಿದ್ದೆ, ನೆನಪಿದೆಯೇ? ಬೆಣ್ಣೆ ಹತ್ತಿದ ಕೈ ದಾಳ ಮುಟ್ಟಬಾರದು. ಆಟದಲ್ಲಿ ಸತ್ತವರಿಗೆ ಕೊನೆಯ ಬನ್ನು. ಬೇಕರಿಯವನು ತಾನೇ ಬೇಯಿಸಿದ ಬನ್ನಿನ ಆಸೆಗೆ ಬೇಕೆಂದೇ ಸಾಯುತ್ತಿದ್ದ, ಈಗಲೂ ಸಾಯುತ್ತಾನೆ.

ಮತ್ತೆ ನಿನ್ನ ಭಾವನ ಆ ಧ್ವನಿ! ಹಗಲೆಲ್ಲ ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿ ಬಂತು, ಗಾಡಿ ಹೋಯಿತು ಎಂದು ಹೇಳುತ್ತಿದ್ದವರು, ಮನೆಗೆ ಬಂದರೆ ಅದೇ ಗಂಟಲಲ್ಲಿ ರಾಣಿಯಾಗುತ್ತಿದ್ದರು, ಮುದಿ ಮಂತ್ರವಾದಿಯಾಗುತ್ತಿದ್ದರು. ಡ್ರ್ಯಾಗನ್ ಪಿಸುಗುಟ್ಟಿದಾಗ ನೀನು ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡಿದ್ದೆ. ಆ ದಿನಗಳು ಎಷ್ಟು ಚೆನ್ನಾಗಿದ್ದವೋ!

ಜಗಳದ ದಿನವನ್ನೂ ಮರೆತಿಲ್ಲ. ಡ್ರ್ಯಾಗನ್ ನರ್ಸಕ್ಕನ ಮೇಲೆ ಎರಗಿತ್ತು. ಆಟದಲ್ಲಿ ನೀನಾಗಿದ್ದ ಕುಳ್ಳ ಕೊಡಲಿ ಎತ್ತಿದ, ನೀನು ಇಪ್ಪತ್ತು ಮುಖದ ದಾಳ ಎಸೆದೆ. ಅದು ಮೇಜು ದಾಟಿ, ನೆಲಕ್ಕೆ ಬಿದ್ದು, ಬೀರುವಿನ ಅಡಿಗೆ ಉರುಳಿತು. ನೀನು ನೆಲದ ಮೇಲೆ ಬೋರಲು ಮಲಗಿ ಇಣುಕಿದೆ.

"ಇಪ್ಪತ್ತು! ಭಾವ, ಇಪ್ಪತ್ತು ಬಿದ್ದಿದೆ!"

"ನೆಲಕ್ಕೆ ಬಿದ್ದಿದ್ದು ಲೆಕ್ಕಕ್ಕಿಲ್ಲ. ಮತ್ತೆ ಹಾಕು."

"ನನ್ನ ಮಾತು ನಂಬಲ್ವಾ?"

"ನಂಬೋ ಪ್ರಶ್ನೆ ಅಲ್ಲ ಕಣೋ, ನಿಯಮ."

"ನಿಮ್ಮ ನಿಯಮ ನೀವೇ ಇಟ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದೆ. ಆಮೇಲೆ ಮದುವೆ ಮುಂಜಿಗೆ ಬಂದೆ, ಭಾವನ ಜೊತೆ ಬಿಸಿಲು ಚಳಿಯ ಮಾತಾಡಿದೆ, ಮೇಜಿನ ಹತ್ತಿರ ಮಾತ್ರ ಸುಳಿಯಲಿಲ್ಲ. ಅವರೂ ಕರೆಯಲಿಲ್ಲ. ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು, ಮಧ್ಯೆ ನಾನು.

ಅವರು ಕರೆಯದಿದ್ದುದಕ್ಕೂ ಒಂದು ನಿಯಮವಿತ್ತು, ನೀನು ಮರೆತಿರಬಹುದು. ಆಟಕ್ಕೆ ಬಾರದವನು ಗುಹೆಯ ಬಾಗಿಲಲ್ಲಿ ಕುದುರೆ ಕಾಯುತ್ತಾನೆ. ಅವನಿಗೆ ಬಾಣ ತಾಗದು, ಬೆಂಕಿ ತಟ್ಟದು. ಆದರೆ ಅವನನ್ನು ಯಾರೂ ಕೂಗಬಾರದು, ತಾನಾಗಿಯೇ ಒಳಗೆ ಬರಬೇಕು. ನೀನು ಹೋದಂದಿನಿಂದ ಪ್ರತಿ ಭಾನುವಾರ ಅವರು ಕಥೆ ಶುರು ಮಾಡುವುದೇ ಹೀಗೆ: "ಕುಳ್ಳ ಬಾಗಿಲಲ್ಲಿ ಕುದುರೆ ಕಾಯ್ತಿದ್ದಾನೆ. ಕುದುರೆಗಳು ಕ್ಷೇಮ." ಬೇಕರಿಯವನು ಒಮ್ಮೆ ತಡೆಯಲಾರದೆ, "ಅಯ್ಯೋ, ಆ ಕುದುರೆಗಳು ಈ ಹೊತ್ತಿಗೆ ಮುದಿಯಾಗಿ ಸತ್ತಿರ್ತವೆ ಬಿಡಿ" ಎಂದ. "ಅವನು ಕಾಯೋವಾಗ ಹೇಗಯ್ಯಾ ಸಾಯ್ತವೆ?" ಎಂದರು ನಿನ್ನ ಭಾವ. ನನಗೆ ಅಳು ಬಂತು, ಚಹಾ ತರುವ ನೆಪದಲ್ಲಿ ಎದ್ದು ಹೋದೆ.

ದಾಳ ಇನ್ನೂ ಬೀರುವಿನ ಅಡಿಯಲ್ಲೇ ಇದೆ. ಮನೆಗೆ ಬಣ್ಣ ಹೊಡೆಸಿದಾಗಲೂ ನಿನ್ನ ಭಾವ ಬೀರು ಸರಿಸಲು ಬಿಡಲಿಲ್ಲ. "ಅವನ ದಾಳ ಅವನೇ ಎತ್ಲಿ" ಎಂದರು. ಬಣ್ಣದವನು ಗೊಣಗಿಕೊಂಡು ಸುತ್ತಲೂ ಬಳಿದು ಹೋದ, ಬೀರುವಿನ ಹಿಂದಿನ ಗೋಡೆ ಇನ್ನೂ ಹಳೆಯ ನೀಲಿಯೇ. ಯಾರೂ ಬಗ್ಗಿ ನೋಡಿಲ್ಲ. ನಾನೂ ನೋಡಿಲ್ಲ. ನೀನು ಇಪ್ಪತ್ತು ಎಂದೆಯಲ್ಲ, ನನಗೆ ಸಾಕು.

ಇತ್ತೀಚೆಗೆ ಅವರು ಬೇಕರಿಯವನನ್ನು ಕೂರಿಸಿಕೊಂಡು ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದಾರೆ. ಧ್ವನಿಗಳನ್ನೂ ಕಲಿಸುತ್ತಾರೆ. ಅವನ ಡ್ರ್ಯಾಗನ್‌ಗೆ ಸದಾ ನೆಗಡಿ. ನಮಗೆ ನಕ್ಕು ನಕ್ಕು ಸಾಕಾಗುತ್ತದೆ.

ಭಾನುವಾರ ಮೂರು ಗಂಟೆಗೆ ಆಟ. ನಿನ್ನ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇದೆ. ಮಗಳನ್ನೂ ಕರೆದುಕೊಂಡು ಬಾ. ನಿನಗೂ, ನಿನ್ನ ಹೆಂಡತಿಗೂ, ಆ ಹಟಮಾರಿಗೂ ಒಳ್ಳೆಯದಾಗಲಿ, ಮೈ ಕೈ ಗಟ್ಟಿಯಾಗಿರಲಿ.

ಇಂತಿ ನಿನ್ನ ಅಕ್ಕ
(ಗುಹೆಯೊಳಗೆ, ಕಳ್ಳಿ)

ತಾ.ಕ.: ಬರೆಯದೆ ಬಿಟ್ಟ ಇನ್ನರ್ಧ ಇದು. ನಿನ್ನ ಭಾವನ ಗಂಟಲಲ್ಲಿ ಗಡ್ಡೆಯಾಗಿದೆ. ಬರುವ ಸೋಮವಾರ ಆಪರೇಷನ್. ಡಾಕ್ಟರು, "ಜೀವಕ್ಕೆ ಭಯ ಇಲ್ಲಮ್ಮ, ಧ್ವನಿ ಮಾತ್ರ ಉಳಿಯಲ್ಲ" ಎಂದರು. ಇವರು ನನ್ನಿಂದ ಮಾತು ತೆಗೆದುಕೊಳ್ಳಲು ನೋಡಿದರು: "ಅವನಿಗೆ ಬರೀಬೇಡ ಕಣೇ. ಕುದುರೆ ಕಾಯೋನನ್ನ ಕೂಗಬಾರದು." ನಾನು ಮಾತು ಕೊಡಲಿಲ್ಲ. ಆಟದಲ್ಲಿ ಕಳ್ಳಿಯಾದರೂ ಈ ಮನೆಯ ಒಂದು ನಿಯಮವನ್ನೂ ಮುರಿದವಳಲ್ಲ ನಾನು, ಇವತ್ತು ಮುರಿಯುತ್ತಿದ್ದೇನೆ. ಕೂಗುತ್ತಿದ್ದೇನೆ, ಒಳಗೆ ಬಾರೋ. ಬಂದು ಆ ದಾಳ ಎತ್ತಿ ಅವರ ಮುಂದೆ ಹಿಡಿ. ಎಷ್ಟು ಬಿದ್ದಿದೆ ಎಂದು ಅವರೇ ಗಟ್ಟಿಯಾಗಿ ಹೇಳಲಿ.